ಕಡ ತಂದ ಮನೆ

ನವೆಂಬರ್ ೧೯, ಗುರುವಾರ
ಆಸ್ಪತ್ರೆಯ ಬಟ್ಟೆ ಕೋಣೆಯಿಂದ

ನನ್ನ ಮರಿಗೆ,

ಅಮ್ಮನ ಆಶೀರ್ವಾದ. ನಾವಿಬ್ಬರೂ ಇದ್ದೀವಿ, ಇದ್ದ ಹಾಗೇ ಇದ್ದೀವಿ. ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯದೆ ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಮುಖ ಊದಿಸಿಕೊಂಡಿರ್ತೀಯ, ಗೊತ್ತು. ಮೊದಲನೇದಕ್ಕೆ ಕೆಲಸ ಜಾಸ್ತಿ ಇತ್ತು ಅಂದುಕೋ. ಎರಡನೇದಕ್ಕೆ ಕೈ ಸುಟ್ಟುಕೊಂಡಿದ್ದೆ, ಅದು ನಿಜ, ಇಸ್ತ್ರಿ ರೋಲರಿನ ಅಂಚು ತಗುಲಿ ಎಡಗೈ ಮಣಿಕಟ್ಟಿನ ಹತ್ತಿರ ಎರಡು ಬೆರಳಗಲ ಬೊಬ್ಬೆ ಎದ್ದಿತ್ತು, ಈಗ ಒಣಗಿದೆ. ಮೂರನೇದಕ್ಕೆ ಮಾತ್ರ ಯಾವ ನೆಪವೂ ಸಿಗಲಿಲ್ಲ. ಬರೆಯೋಕೆ ಕೂತರೆ ಕೈ ಮುಂದೆ ಹೋಗ್ತಿರಲಿಲ್ಲ, ಅಷ್ಟೆ.

ಫೋನ್ ಮಾಡಬಹುದಿತ್ತಲ್ಲಮ್ಮ ಅಂತೀಯ. ಈ ಮನೇಲಿ ಫೋನ್ ಅಂದರೆ ಏನು ಅಂತ ನಿನಗೆ ಗೊತ್ತಲ್ಲ. ನಿನ್ನ ಹೆಸರು ಕಂಡ ತಕ್ಷಣ ನಿಮ್ಮಪ್ಪ ಸ್ಪೀಕರ್ ಹಾಕಿ ಎದೆ ಮೇಲೆ ಇಟ್ಟುಕೊಂಡು ಮಲಗಿಬಿಡ್ತಾರೆ, ನಾನು ಒಲೆ ಮುಂದಿನಿಂದ ಕೂಗಬೇಕು. ಇದು ಕೂಗಿ ಹೇಳೋ ವಿಷಯ ಅಲ್ಲ.

ಇವತ್ತು ಬೆಳಿಗ್ಗೆಯಿಂದ ಬಾಯ್ಲರ್ ಕೆಟ್ಟು ಕೂತಿದೆ. ಹಬೆ ಇಲ್ಲ ಅಂದರೆ ನಮಗೆ ಕೆಲಸ ಇಲ್ಲ. ಒಗೆದ ಬೆಡ್‌ಶೀಟುಗಳೆಲ್ಲ ತಳ್ಳುಗಾಡಿಗಳಲ್ಲಿ ಒದ್ದೆ ಮುದ್ದೆಯಾಗಿ ಬಿದ್ದಿವೆ. ಸೂಪರ್‌ವೈಸರ್ ರಿಪೇರಿಯವನಿಗೆ ಫೋನ್ ಮಾಡಿ ಮಾಡಿ ಗಂಟಲು ಕಟ್ಟಿಸಿಕೊಂಡಿದ್ದಾರೆ. ನನ್ನ ಜೋಡಿಯವಳು ಒಣಗಿದ ದಿಂಬಿನ ಚೀಲಗಳ ರಾಶಿ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೊಡೀತಿದ್ದಾಳೆ. ಪಾಪ, ಮಲಗಲಿ. ಹನ್ನೊಂದು ವರ್ಷದಿಂದ ಬೆಡ್‌ಶೀಟಿನ ಆ ಎರಡು ತುದಿ ಅವಳು, ಈ ಎರಡು ತುದಿ ನಾನು ಹಿಡಿದು ಹತ್ತಿರ ಬಂದು, ಮಡಚಿ, ದೂರ ಹೋಗಿ, ಮತ್ತೆ ಹತ್ತಿರ ಬಂದು, ಅಷ್ಟು ನಡಿಗೆಯನ್ನು ನೇರ ನಡೆದಿದ್ದರೆ ಇಷ್ಟೊತ್ತಿಗೆ ನಾವಿಬ್ಬರೂ ಈ ದೇಶವನ್ನೇ ಒಂದು ಸುತ್ತು ಹಾಕಿರ್ತಿದ್ದೆವು. ನನಗೆ ನಿದ್ದೆ ಬರಲಿಲ್ಲ. ಲೆಕ್ಕದ ಹಾಳೆಗಳ ಹಿಂಬದಿ ಖಾಲಿ ಇದೆಯಲ್ಲ ಅಂತ ಬರೀತಾ ಕೂತಿದ್ದೀನಿ.

ಮೊದಲು ನಿನ್ನ ವಿಷಯಕ್ಕೇ ಬರ್ತೀನಿ. ನೀನು ಕಳಿಸಿದ ಮನವಿ ಇದರ ಜೊತೆಗೇ ವಾಪಸು ಬರ್ತಿದೆ. ಸಹಿ ಹಾಕಿಲ್ಲ. ಓದದೆ ಕಳಿಸ್ತಿದ್ದೀನಿ ಅಂದುಕೋಬೇಡ, ಎರಡು ಸಲ ಓದಿದೆ. ಕರ್ತವ್ಯಲೋಪ, ಬಡ ವಿದ್ಯಾರ್ಥಿಗಳ ಭವಿಷ್ಯದ ಜೊತೆ ಚೆಲ್ಲಾಟ ಅಂತೆಲ್ಲ ಚೆನ್ನಾಗಿ ಬರೆದಿದ್ದೀಯ. ನಮ್ಮ ಮನೆ ನೋಡೋಕೆ ಬಂದಿದ್ದ ಮೇಡಂ ಏನನ್ನೂ ವಿಚಾರಿಸದೆ ಬಾಯಿಗೆ ಬಂದಂತೆ ವರದಿ ಬರೆದರು, ಅಂಥವರನ್ನು ಮುಂದಿನ ವರ್ಷ ಕಾಲೇಜಿನಲ್ಲಿ ಇಟ್ಟುಕೊಳ್ಳಬಾರದು ಅಂತ. ನಲವತ್ತು ಜನ ಸಹಿ ಹಾಕಿದ್ದಾರೆ, ಎಲ್ಲರಿಗಿಂತ ಮೇಲೆ ನೀನು. ಕೆಳಗೆ ನನಗೆ ಅಂತ ಅರ್ಧ ಪುಟ ಖಾಲಿ ಬಿಟ್ಟಿದ್ದೀಯ, ತಾಯಿಯ ಹೇಳಿಕೆ ಅಂತ ಶಿರೋನಾಮೆ ಬೇರೆ. ನಿಮ್ಮಪ್ಪನಿಗೆ ಓದಿ ಹೇಳಿದೆ. ನಮ್ಮ ಮನೇಲಿ ಲೀಡರ್ ಹುಟ್ಟಿದ್ದಾಳೆ, ಇನ್ನು ಮೇಲೆ ನೀನು ಅವಳ ಹತ್ತಿರ ಜೋರು ಮಾಡಬೇಡ ಅಂದರು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದರು.

ಬೇಡ ಮರಿ. ಕೈ ಬಿಡು. ಆ ಮೇಡಂ ಕ್ಲಾಸಿಗೆ ಬಂದರೆ ನೀನು ಮುಂದಿನ ಬೆಂಚಿನಿಂದ ಎದ್ದು ಹಿಂದೆ ಹೋಗಿ ಕೂರ್ತೀನಿ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಊಟ ಸೇರಲಿಲ್ಲ. ಅವತ್ತು ನೀನು ಇಲ್ಲಿರಲಿಲ್ಲ. ನಿನಗೆ ಗೊತ್ತಿರೋದು ಅರ್ಧ. ಅದಕ್ಕೇ ಮೊದಲಿಂದ ಹೇಳ್ತೀನಿ, ಬೇಸರ ಮಾಡಿಕೊಳ್ಳದೆ ಓದು.

ನಿನ್ನ ಮೊದಲನೇ ವರ್ಷದ ಫೀಸು ಎಲ್ಲಿಂದ ಬಂತು ಅಂತ ನಿನಗೆ ಹೇಳಬೇಕಾಗಿಲ್ಲ. ನಿಮ್ಮಪ್ಪ ಮೂರನೇ ಮಹಡಿಗೆ ಬಣ್ಣ ಹೊಡೆಯುವಾಗ ಸಾರುವೆ ಕುಸಿದು ಬಿದ್ದರಲ್ಲ, ಆಗ ಕಂಟ್ರಾಕ್ಟರ್ ಕೈಗಿಟ್ಟ ದುಡ್ಡು ಅದು. ನನ್ನ ಬೆನ್ನುಮೂಳೆ ಮಗಳ ಒಂದು ವರ್ಷಕ್ಕೆ ಸರಿಹೋಯಿತು, ಉಳಿದ ಎರಡು ವರ್ಷಕ್ಕೆ ಇನ್ನೆರಡು ಸಲ ಬೀಳೋಣ ಅಂದರೆ ಹತ್ತೋಕೇ ಆಗಲ್ವಲ್ಲೇ ಅಂತ ನಿಮ್ಮಪ್ಪ ತಮಾಷೆ ಮಾಡ್ತಾರೆ. ನಗಬೇಕೋ ಅಳಬೇಕೋ ಗೊತ್ತಾಗಲ್ಲ, ಅದಕ್ಕೆ ನಾನು ಪಾತ್ರೆ ತೊಳೆಯೋಕೆ ಹೋಗ್ತೀನಿ.

ಆಮೇಲೆ ನೀನು ಈ ನೆರವಿನ ವಿಷಯ ಹೇಳಿದೆ. ಅಂಕಕ್ಕೆ ಕೊಡೋ ಬಹುಮಾನ ಅಲ್ಲಮ್ಮ, ಇಲ್ಲದವರಿಗೆ ಕೊಡೋ ಹಣ, ಸಾಲ ಅಲ್ಲ, ವಾಪಸು ಕೊಡಬೇಕಾಗಿಲ್ಲ ಅಂತ. ನನಗೆ ಒಂದು ಕಡೆ ನಂಬಿಕೆ ಬರಲಿಲ್ಲ, ಇನ್ನೊಂದು ಕಡೆ ಕೈ ಚಾಚೋಕೆ ಮೈ ಹಿಡಿಯಾಯಿತು. ಒಂಬತ್ತು ಪುಟದ ಅರ್ಜಿ. ನೀನೇ ತುಂಬಿದೆ, ತೋರಿಸಿದ ಕಡೆಯೆಲ್ಲ ನಾನು ಸಹಿ ಹಾಕಿದೆ, ಒಂದಕ್ಷರ ಓದಲಿಲ್ಲ. ಮಗಳು ಬರೆದದ್ದನ್ನು ಓದಿ ನೋಡೋದೇನು ಅಂತ.

ಒಂದು ಸೋಮವಾರ ಕಾಲೇಜಿನಿಂದ ಕಾಗದ ಬಂತು. ಶನಿವಾರ ಹನ್ನೊಂದು ಗಂಟೆಗೆ ಕಾಲೇಜಿನವರೊಬ್ಬರು ಮನೆ ನೋಡೋಕೆ ಬರ್ತಾರೆ, ಮನೆಯವರು ಇರಬೇಕು ಅಂತ. ಓದಿದವಳೇ ನಾನು ಮನೆ ಸುತ್ತ ಕಣ್ಣಾಡಿಸಿದೆ. ಇರೋದು ಒಂದೂವರೆ ಕೋಣೆ. ನಿಮ್ಮಪ್ಪನ ಮಂಚ, ಅದರ ಕೆಳಗೆ ಟ್ರಂಕು, ಗೋಡೆಯಲ್ಲಿ ತೇವದ ಕಲೆ, ಎರಡು ಪ್ಲಾಸ್ಟಿಕ್ ಕುರ್ಚಿ, ಅದರಲ್ಲೊಂದರ ಕಾಲಿಗೆ ತಂತಿ ಸುತ್ತಿದೆ. ಊರಿಗೆಲ್ಲ ಬಣ್ಣ ಹೊಡೆದವರ ಮನೆ ಆರು ವರ್ಷದಿಂದ ಸುಣ್ಣ ಕಂಡಿಲ್ಲ. ಬರೋ ಮನುಷ್ಯರನ್ನು ಎಲ್ಲಿ ಕೂರಿಸಲಿ ಅಂತ ಕೈಕಾಲೇ ಆಡಲಿಲ್ಲ.

ಆಗಲೇ ನನ್ನ ತಲೆಗೆ ಈ ಬುದ್ಧಿ ಬಂದದ್ದು. ನಮ್ಮ ಆಸ್ಪತ್ರೆ ಲ್ಯಾಬಲ್ಲಿ ಕೆಲಸ ಮಾಡೋ ಮೇಲಿನ ಮನೆಯ ಲ್ಯಾಬಿನಾಕೆ ಇದ್ದಾರಲ್ಲ, ಅವರ ಹತ್ತಿರ ಹೋಗಿ ಒಂದು ದಿನದ ಮಟ್ಟಿಗೆ ಸೋಫಾ ಕೊಡ್ತೀರಾ ಅಂತ ಕೇಳಿದೆ. ಅದಕ್ಕೇನಂತೆ, ಫ್ರಿಜ್ಜೂ ತಗೊಂಡು ಹೋಗಿ, ಕೋಣೆ ತುಂಬಿದ ಹಾಗೆ ಕಾಣುತ್ತೆ ಅಂದರು. ಅವರಿಗೂ ಏನೋ ಹುಮ್ಮಸ್ಸು. ನನ್ನ ಜೋಡಿಯವಳಿಗೆ ಹೇಳಿ ನೆಲಹಾಸು, ಪರದೆ, ಆರು ಪಿಂಗಾಣಿ ಕಪ್ಪು ತರಿಸಿದೆ. ಅವಳು ತಂದುಕೊಟ್ಟಳು, ಆದರೆ ಬಾಯಿ ಮುಚ್ಚಲಿಲ್ಲ.

"ನಿನಗೇನು ತಲೆ ಕೆಟ್ಟಿದೆಯಾ? ಜನ ಇರೋದನ್ನೂ ಬಚ್ಚಿಡ್ತಾರೆ, ನೀನು ಇಲ್ಲದ್ದನ್ನೆಲ್ಲ ತಂದು ತುಂಬ್ತಿದ್ದೀಯಲ್ಲೇ" ಅಂದಳು.

ಬಡತನ ಅರ್ಜೀಲಿ ಬರೆದು ಕೊಟ್ಟಾಗಿದೆ, ಮನೇಲಿ ಬೇರೆ ಜೋಡಿಸಿ ತೋರಿಸಬೇಕಾ ಅಂದೆ ನಾನು. ನನ್ನ ಲೆಕ್ಕ ಹಾಗಿತ್ತು ಮರಿ. ಹಣ ಇಲ್ಲ ಅನ್ನೋದು ಒಂದು ವಿಷಯ, ಅದು ಕಾಗದದಲ್ಲಿದೆ. ಬಂದವರ ಮುಂದೆ ಮರ್ಯಾದಸ್ಥರ ಹಾಗಿರೋದು ಇನ್ನೊಂದು ವಿಷಯ. ಎರಡಕ್ಕೂ ಸಂಬಂಧ ಇದೆ ಅಂತ ನನಗೆ ಹೊಳೆಯಲೇ ಇಲ್ಲ. ಇಂಥ ಹುಡುಗಿಗೆ ಕೊಟ್ಟರೆ ಹಣ ದಂಡ ಆಗಲ್ಲ, ಒಳ್ಳೆ ಮನೆ ಹುಡುಗಿ ಅಂತ ಅವರಿಗೆ ಅನ್ನಿಸಬೇಕು ಅಂದುಕೊಂಡೆ.

ಶನಿವಾರ ಬೆಳಿಗ್ಗೆ ಸೋಫಾ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಮೇಲೂ ಹೋಗಲ್ಲ, ಕೆಳಗೂ ಬರಲ್ಲ. ಲ್ಯಾಬಿನಾಕೆಯ ಗಂಡ ಸೋಫಾದ ಆ ಕಡೆ ಸಿಕ್ಕಿಕೊಂಡು ಆಫೀಸಿಗೆ ಹೊತ್ತಾಯಿತು ಅಂತ ಗೋಗರೀತಿದ್ದರು. ನಿಮ್ಮಪ್ಪ ಮಲಗಿದ್ದಲ್ಲಿಂದಲೇ ಬಲಗಡೆ ಎತ್ತಿ, ನಿಲ್ಲಿಸಿ, ಈಗ ಕಾಲು ತಿರುಗಿಸಿ ಅಂತ ಹೇಳಿಕೊಟ್ಟರು. ಮೂವತ್ತು ವರ್ಷ ಇಂಥ ಮೆಟ್ಟಿಲುಗಳಲ್ಲಿ ಏಣಿ ಹೊತ್ತವರು, ಕಾಣದೇನೇ ಇಳಿಸಿಬಿಟ್ಟರು. ಅವರ ದನಿಯಲ್ಲಿ ಅಷ್ಟು ಗೆಲುವು ಕೇಳಿ ಎಷ್ಟು ದಿನವಾಗಿತ್ತೋ. ಫ್ರಿಜ್ಜಿನ ವೈರು ಪ್ಲಗ್ಗಿನವರೆಗೆ ಸಾಲಲಿಲ್ಲ, ಹಾಗೇ ಸುಮ್ಮನೆ ನಿಲ್ಲಿಸಿದೆವು. ಸೋಫಾ ಹಾಕಿದ ಮೇಲೆ ಮಂಚಕ್ಕೆ ಜಾಗ ಇಲ್ಲ. ಮಂಚವನ್ನು ಅಡುಗೆ ಮಾಡೋ ಕಡೆಗೆ ತಳ್ಳಿ ಪರದೆ ಎಳೆದೆ. ಕೆಮ್ಮಬೇಡಿ ಅಂದೆ. ಆಯಿತಮ್ಮ, ನಾನು ಊರಲ್ಲೇ ಇಲ್ಲ ಅಂದರು.

ಈಗ ಬರೆಯುವಾಗ ನನಗೇ ನಾಚಿಕೆಯಾಗ್ತಿದೆ. ಆ ಮನೇಲಿ ನೆರವು ಬೇಕು ಅಂತ ಹೇಳೋ ಒಂದೇ ಒಂದು ಸಾಕ್ಷಿ ಅಂದರೆ ನಿಮ್ಮಪ್ಪ. ಅವರನ್ನೇ ಪರದೆ ಹಿಂದೆ ಇಟ್ಟೆ.

ಮೇಡಂ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ನಾನು ಯಾರೋ ದೊಡ್ಡ ಅಧಿಕಾರಿ ಕಾರಲ್ಲಿ ಬರ್ತಾರೆ ಅಂದುಕೊಂಡಿದ್ದೆ. ಬಸ್ಸಲ್ಲಿ ಬಂದಿದ್ದರು, ಬೆವರು ಸುರೀತಿತ್ತು, ಹೆಗಲಲ್ಲೊಂದು ಬಟ್ಟೆ ಚೀಲ. ಮೂವತ್ತು ದಾಟಿರಬಹುದು. ಸೋಫಾದ ತುದಿಯಲ್ಲಿ ಕೂತರು. ನಾನು ಟೀ ಕೊಟ್ಟೆ, ಬಿಸ್ಕತ್ತು ಇಟ್ಟೆ, ಒಂದನ್ನೇ ತಗೊಂಡರು. ನನ್ನ ಕೆಲಸ ಎಷ್ಟು ಹೊತ್ತಿನದು, ನಿಂತೇ ಇರಬೇಕಾ, ಕಾಲು ಊದಲ್ವಾ ಅಂತೆಲ್ಲ ಕೇಳಿದರು. ನೀನು ಅವರ ಕ್ಲಾಸಿನಲ್ಲೇ ಇದ್ದೀಯ, ಒಳ್ಳೆ ಪ್ರಶ್ನೆ ಕೇಳ್ತೀಯ ಅಂದರು. ಆಮೇಲೆ ಎದ್ದು ಫ್ರಿಜ್ಜಿನ ಹತ್ತಿರ ಹೋದರು. ಅದರ ಬಾಗಿಲಿಗೆ ಲ್ಯಾಬಿನಾಕೆಯ ಮಗಳ ಮೂರನೇ ಕ್ಲಾಸಿನ ವೇಳಾಪಟ್ಟಿ ಅಂಟಿಸಿತ್ತು, ತೆಗೆಯೋಕೆ ನಮ್ಮಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ. ಅದನ್ನು ನಿಂತು ಪೂರ್ತಿ ಓದಿದರು. ಏನೂ ಅನ್ನಲಿಲ್ಲ. ಚೀಲದಿಂದ ಫಾರಂ ತೆಗೆದು ಏನೋ ಗುರುತು ಹಾಕಿಕೊಂಡು ಹೊರಟರು.

ಅವರು ಹೋದ ಮೇಲೆ ನಾನೂ, ಅಲ್ಲಿವರೆಗೆ ಮೆಟ್ಟಿಲ ಹತ್ತಿರ ಕಾಯ್ತಿದ್ದ ನನ್ನ ಜೋಡಿಯವಳೂ ಸೋಫಾದ ಮೇಲೆ ಧೊಪ್ಪೆಂದು ಬಿದ್ದು ನಕ್ಕಿದ್ದೇ ನಕ್ಕಿದ್ದು. ಪರದೆ ಹಿಂದಿನಿಂದ ನಿಮ್ಮಪ್ಪ ಈಗ ಕೆಮ್ಮಬಹುದಾ ಅಂದರು. ಸೋಫಾನ ಮೇಲಿನ ಮನೆಗೆ ಸಾಗಿಸೋಕೆ ಲ್ಯಾಬಿನಾಕೆಯ ಗಂಡ ಬರೋವರೆಗೆ ಹೊತ್ತಿತ್ತು. ನಾನು ಅದರ ಮೇಲೇ ನಿದ್ದೆ ಹೋದೆ.

ಮುಂದಿನದು ನಿನಗೇ ಗೊತ್ತು. ಅರ್ಜಿಯಲ್ಲಿ ಬರೆದದ್ದಕ್ಕೂ ಮನೆಯಲ್ಲಿ ಕಂಡದ್ದಕ್ಕೂ ತಾಳೆಯಾಗುವುದಿಲ್ಲ, ನೆರವಿನ ಅಗತ್ಯ ಕಾಣುವುದಿಲ್ಲ ಅಂತ ನಿನ್ನ ಕೈಗೆ ಕಾಗದ ಬಂತು. ಫ್ರಿಜ್ ಇಲ್ಲ, ಸೋಫಾ ಇಲ್ಲ ಅಂತ ನೀನು ಅರ್ಜೀಲಿ ಒಂದೊಂದಾಗಿ ಬರೆದಿದ್ದೀಯ ಅಂತ ನನಗೆ ಗೊತ್ತಾಗಿದ್ದೇ ಆಗ. ಈ ತಿಂಗಳು ಫೀಸು ಕಟ್ಟದಿದ್ದರೆ ಹಾಸ್ಟೆಲ್ ಬಿಡಬೇಕು, ಕಾಲೇಜೂ ಬಿಟ್ಟ ಹಾಗೇ ಅಂತ ಫೋನಲ್ಲಿ ನೀನು ಅತ್ತೆ. ಸ್ಪೀಕರಿನಲ್ಲಿ ಆ ಅಳು ಇಡೀ ಮನೆಗೆ ಕೇಳಿತು. ನನ್ನ ಜೋಡಿಯವಳು ಮಾರನೇ ದಿನ ನಾನು ಹೇಳಲಿಲ್ಲವಾ ಅನ್ನಲಿಲ್ಲ, ಅದೊಂದು ಉಪಕಾರ ಮಾಡಿದಳು. ಬೆಡ್‌ಶೀಟಿನ ಆ ತುದಿಯಿಂದ ಈ ತುದಿಗೆ ಬಂದಾಗಲೆಲ್ಲ ನನ್ನ ಮುಖ ನೋಡಿ ನನ್ನ ತುದಿಯನ್ನೂ ತಾನೇ ಮಡಚಿಕೊಂಡು ಹೋಗ್ತಿದ್ದಳು.

ನಾಲ್ಕು ಗಂಟೆ ಬಸ್ಸಲ್ಲಿ ನಿಮ್ಮ ಕಾಲೇಜಿಗೆ ಬಂದೆನಲ್ಲ, ಆ ಕಥೆ ನಿನಗೆ ಮೇಲೆ ಮೇಲೆ ಮಾತ್ರ ಹೇಳಿದ್ದೆ. ನಿನಗೆ ಪರೀಕ್ಷೆ ಇತ್ತು, ನಾನೇ ಬರಬೇಡ ಅಂದಿದ್ದೆ. ನೆರವಿನ ಆಫೀಸಿನ ಹೊರಗಿನ ಬೆಂಚಿನಲ್ಲಿ ಎರಡು ಗಂಟೆ ಕಾದೆ. ಕಾಯುವಾಗ ನಿನ್ನ ಅರ್ಜಿಯ ನಕಲನ್ನು ಮೊದಲನೇ ಸಲ ಪೂರ್ತಿ ಓದಿದೆ. ಕೊನೇ ಪುಟದ ಕೊನೇ ಸಾಲು ಸಣ್ಣಕ್ಷರದಲ್ಲಿತ್ತು. ಮನೆಯವರು ಸುಳ್ಳು ಮಾಹಿತಿ ಕೊಟ್ಟದ್ದು ಸಾಬೀತಾದರೆ ಮೂರು ವರ್ಷ ಯಾವ ನೆರವೂ ಇಲ್ಲ ಅಂತ.

ಒಳಗೆ ಮುಖ್ಯಸ್ಥರು ಇದ್ದರು. ಮೂಗಿನ ಮೇಲೊಂದು ಕನ್ನಡಕ, ಹಣೆ ಮೇಲೊಂದು ಕನ್ನಡಕ. ಲ್ಯಾಬಿನಾಕೆ ಬರೆದುಕೊಟ್ಟ ಚೀಟಿ ಕೊಟ್ಟೆ. ಸೋಫಾ ಮತ್ತು ಫ್ರಿಜ್ ನನ್ನವು, ಶನಿವಾರ ಕೆಳಗಿನ ಮನೆಯವರಿಗೆ ಬಳಸಲು ಕೊಟ್ಟು ಅದೇ ದಿನ ವಾಪಸು ಪಡೆದಿದ್ದೇನೆ ಅಂತ. ನಿಮ್ಮಪ್ಪನ ಡಾಕ್ಟರ್ ಕಾಗದಗಳನ್ನೂ ಕೊಟ್ಟೆ. ಅವರು ಎಲ್ಲ ಓದಿ, ಒಂದು ಕನ್ನಡಕ ತೆಗೆದು ಇನ್ನೊಂದು ಹಾಕಿಕೊಂಡು, ಬಚ್ಚಿಟ್ಟವರನ್ನು ಬೇಕಾದಷ್ಟು ನೋಡಿದ್ದೀನಮ್ಮ, ತಂದಿಟ್ಟವರನ್ನು ಇದೇ ಮೊದಲು ನೋಡ್ತಿರೋದು ಅಂದರು. ನಗ್ತಾರೇನೋ ಅಂದುಕೊಂಡೆ, ನಗಲಿಲ್ಲ. ಮನೇಲಿ ಕಂಡ ಸಾಮಾನು ಸ್ವಂತದ್ದೇನಾ ಅಂತ ಬಾಯಿಬಿಟ್ಟು ಕೇಳಬೇಕು, ಕೇಳಿ ಗುರುತು ಹಾಕಬೇಕು, ಹಾಗಂತ ನಿಯಮ ಇದೆ, ಮೇಡಂ ನಿಮ್ಮನ್ನು ಕೇಳಲಿಲ್ಲವಾ ಅಂದರು.

"ಕೇಳಲಿಲ್ಲ ಸಾರ್" ಅಂದೆ.

ಅವರು ಮೇಡಂನ ಕರೆಸಿದರು. ಪಾಠದ ಮಧ್ಯದಿಂದ ಎದ್ದು ಬಂದಿದ್ದರು, ಬೆರಳಲ್ಲಿ ಇನ್ನೂ ಸೀಮೆಸುಣ್ಣ ಇತ್ತು. ಈ ತಾಯಿ ನೀವು ಕೇಳಲೇ ಇಲ್ಲ ಅಂತಾರೆ, ಫಾರಮ್ಮಿನಲ್ಲಿ ಕೇಳಿದ್ದೀನಿ ಅಂತ ಗುರುತು ಇದೆ, ಯಾವುದು ನಿಜ ಅಂತ ಮುಖ್ಯಸ್ಥರು ಕೇಳಿದರು. ಮೇಡಂ ನನ್ನ ಕಡೆ ನೋಡಿದರು. ಆ ಫಾರಮ್ಮಿನ ಕಡೆ ನೋಡಿದರು.

"ಕೇಳಿರಲಿಲ್ಲ ಸರ್. ಅಭ್ಯಾಸದಿಂದ ಗುರುತು ಹಾಕಿರಬೇಕು. ತಪ್ಪು ನನ್ನದು" ಅಂದರು.

ಅಷ್ಟೇ ಮರಿ ನಡೆದದ್ದು. ಅವರೇ ತಪ್ಪು ನನ್ನದು ಅಂದ ಮೇಲೆ ಇನ್ನೇನು ಬೇಕು ನಿನಗೆ? ಮನೆ ನೋಡೋ ಕೆಲಸದಿಂದ ಅವರನ್ನು ತೆಗೆದರು, ಅದಕ್ಕೆ ಅವರಿಗೆ ಸಿಗ್ತಿದ್ದ ಭತ್ಯೆ ಹೋಯಿತು, ಕಡತದಲ್ಲಿ ಏನೋ ಬರೆದರು. ಸಾಲದಾ? ಎರಡನೇ ಸಲ ಇಬ್ಬರು ಗಂಡಸರು ಬಂದರು. ನಿಮ್ಮಪ್ಪನ ಮಂಚ ಇದ್ದ ಜಾಗದಲ್ಲಿತ್ತು, ಕುರ್ಚಿ ಒಬ್ಬರಿಗೆ ಕೊಟ್ಟು, ತಂತಿ ಸುತ್ತಿದ ಕುರ್ಚಿಯ ಭಯಕ್ಕೆ ಇನ್ನೊಬ್ಬರಿಗೆ ಬಕೆಟ್ಟು ಬೋರಲು ಹಾಕಿದೆ. ನಾಲ್ಕು ನಿಮಿಷ ಇದ್ದರು. ಟೀ ಕೂಡ ಬೇಡ ಅಂದರು. ವಾರದೊಳಗೆ ನೆರವು ಮಂಜೂರಾಯಿತು. ಈ ವರ್ಷ ದಾಟಿತು, ಅಂಕ ಬಂದರೆ ಮುಂದಿನ ವರ್ಷವೂ ದಾಟುತ್ತೆ. ನನಗೆ ಅಷ್ಟು ಸಾಕು. ಮಂಜೂರಾದ ದಿನ ಕುಣಿಯಬೇಕಿತ್ತು, ನಾನು ಬಟ್ಟೆ ಬದಲಾಯಿಸದೆ ಮಲಗಿಬಿಟ್ಟೆ.

ಆ ಮೇಡಂ ಕೆಲಸ ಖಾಯಂ ಅಲ್ಲ, ವರ್ಷ ವರ್ಷಕ್ಕೆ ಮುಂದುವರಿಸೋದು ಅಂತ ನೀನೇ ಬರೆದಿದ್ದೀಯ. ಮುಂದಿನ ತಿಂಗಳು ಅದು ತೀರ್ಮಾನ ಆಗುತ್ತೆ, ಅದಕ್ಕೇ ಬೇಗ ಸಹಿ ಮಾಡಿ ಕಳಿಸು ಅಂತ ಅವಸರ ಮಾಡಿದ್ದೀಯ. ಒಬ್ಬರ ಹೊಟ್ಟೆಪಾಡು ಅದು. ಟೀ ಕಪ್ಪು ಕೆಳಗಿಡೋಕೆ ಅವರು ಬಗ್ಗಿದಾಗ ನೋಡಿದೆ, ಚಪ್ಪಲಿಯ ಪಟ್ಟಿ ಹೊಲಿಸಿದ್ದು, ಬೇರೆ ಬಣ್ಣದ ದಾರದಲ್ಲಿ. ನೀನು ನಿನ್ನ ಗೆಳೆಯರಿಗೆ ಹೇಗಾದರೂ ಹೇಳಿ ಒಪ್ಪಿಸು. ಅಮ್ಮ ಹೇಳಿಕೆ ಕೊಡಲಿಲ್ಲ, ಅಮ್ಮ ಹೆದರುಪುಕ್ಕಲಿ ಅನ್ನು, ಪರವಾಗಿಲ್ಲ. ಮುಂದಿನ ಬೆಂಚಿಗೆ ವಾಪಸು ಹೋಗು.

ಇನ್ನು ನಮ್ಮ ಸುದ್ದಿ. ನಿಮ್ಮಪ್ಪ ಈಗ ದಿಂಬಿಗೆ ಒರಗಿ ಒಂದು ಗಂಟೆ ಕೂರ್ತಾರೆ. ಅಂಗಡಿಗಳಿಗೆ ಬೆಲೆ ಚೀಟಿ ಬರೆದುಕೊಡೋ ಕೆಲಸ ಹಿಡಿದಿದ್ದಾರೆ, ಅಕ್ಷರ ಮೊದಲಿನ ಹಾಗೇ ಗುಂಡಗೆ ಬರುತ್ತೆ. ಲ್ಯಾಬಿನಾಕೆ ನನ್ನನ್ನು ಕಂಡಾಗಲೆಲ್ಲ ಸೋಫಾ ಬೇಕಾ ಅಂತ ರೇಗಿಸ್ತಾರೆ. ಚಳಿ ಶುರುವಾಗಿದೆ, ನಿನ್ನ ನೀಲಿ ಸ್ವೆಟರಿನ ಮೊಣಕೈ ಹೊಲಿದಿದ್ದೀನಿ, ಯಾರಾದರೂ ಆ ಕಡೆ ಬಂದರೆ ಕಳಿಸ್ತೀನಿ. ಊಟ ಬಿಡಬೇಡ. ಓದ್ತೀನಿ ಓದ್ತೀನಿ ಅಂತ ಕಣ್ಣು ಕೆಡಿಸಿಕೊಳ್ಳಬೇಡ. ನನ್ನ ಹಾಗೆ ಸಿಡುಕೋದನ್ನು ಕಲೀಬೇಡ, ನಿಮ್ಮಪ್ಪನ ಹಾಗೆ ನಗೋದನ್ನು ಕಲಿ. ಎಲ್ಲಿದ್ದರೂ ತಣ್ಣಗಿರು, ದೊಡ್ಡವಳಾಗು.

ನಿನ್ನ
ಅಮ್ಮ

ಮರೆತದ್ದು: ಹಾಗಂತ ಬರೆದೆ, ಆದರೆ ಇದು ಮರೆತದ್ದಲ್ಲ. ಲಕೋಟೆ ಅಂಟಿಸಿಯೂ ಆಗಿತ್ತು, ಬಿಚ್ಚಿದ್ದೀನಿ. ರಿಪೇರಿಯವನು ಬಂದಿದ್ದಾನೆ, ರೋಲರ್ ಕಾಯೋಕೆ ಇನ್ನೂ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಬರೆದುಬಿಡ್ತೀನಿ.

ಮೇಡಂ ಕೇಳಿದ್ದರು. ವೇಳಾಪಟ್ಟಿ ಓದಿ ಏನೂ ಅನ್ನಲಿಲ್ಲ ಅಂತ ಮೇಲೆ ಬರೆದಿದ್ದೀನಲ್ಲ, ಅದು ಸುಳ್ಳು. ಓದಿ, ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಅಮ್ಮಾ, ಇದೆಲ್ಲ ನಿಮ್ಮದೇನಾ? ಸಂಕೋಚ ಪಡಬೇಡಿ, ಇಲ್ಲ ಅಂದರೆ ಇಲ್ಲ ಅನ್ನಿ, ನಾನು ಹಾಗೇ ಬರ್ಕೋತೀನಿ" ಅಂದರು. ಫಾರಂ ಇನ್ನೂ ಚೀಲದಲ್ಲೇ ಇತ್ತು. ಎಲ್ಲ ನಮ್ಮದೇ ಅಂದೆ. ಒಂದು ಸಲ ಅಲ್ಲ, ಎರಡು ಸಲ ಕೇಳಿದರು. ಎರಡು ಸಲವೂ ಅಂದೆ. ಪರದೆ ಹಿಂದೆ ನಿಮ್ಮಪ್ಪ ಕೇಳಿಸಿಕೊಂಡರು, ಇವತ್ತಿನವರೆಗೂ ಅದರ ಬಗ್ಗೆ ಒಂದು ಮಾತೆತ್ತಿಲ್ಲ. ಆಮೇಲೆ ಆಫೀಸಿನಲ್ಲಿ ಆ ಸಣ್ಣಕ್ಷರದ ಸಾಲು ಓದಿಕೊಂಡು ಹೋಗಿ, ಕೇಳಲಿಲ್ಲ ಅಂದೆ, ಅವರು ಎದುರಿಗೆ ಬಂದು ನಿಂತಾಗಲೂ ಆ ಮಾತು ತಿದ್ದಲಿಲ್ಲ. ಅವರಿಗೂ ಆ ಸಾಲು ಗೊತ್ತಿತ್ತು. ನಿನ್ನ ಮೂರು ವರ್ಷ ಹೋಗಬಾರದು ಅಂತ ತಪ್ಪು ತಮ್ಮ ಮೇಲೆ ಎಳೆದುಕೊಂಡರು. ನೀನು ಬೆಂಚು ಬದಲಾಯಿಸ್ತಿದ್ದೀಯ, ಅವರು ಸುಮ್ಮನೆ ಪಾಠ ಮಾಡ್ತಿದ್ದಾರೆ.

ಈಗ ಆಫೀಸಿಗೆ ಬರೆದು ಒಪ್ಪಿಕೊಳ್ಳೋ ಧೈರ್ಯ ನನಗಿಲ್ಲ. ಮೊದಲು ಆ ಮನವಿ ಹರಿದು ಹಾಕು. ಅಷ್ಟಾದ ಮೇಲೂ ಅವರ ಕೆಲಸಕ್ಕೆ ಕುತ್ತು ಬಂದರೆ ನನಗೆ ತಿಳಿಸು, ಹಣ ಹೋದರೆ ಹೋಗಲಿ, ನಾನೇ ಬಂದು ಹೇಳ್ತೀನಿ. ಇದು ನಿನಗೆ ಕೊಡ್ತಿರೋ ಮಾತು.

ಯಾಕೆ ಹಾಗಂದೆ ಅಂತ ಕೇಳ್ತೀಯ. ಮೇಡಂ ನಿನ್ನ ಕ್ಲಾಸಿನವರು ಅಂತ ಗೊತ್ತಾಯಿತಲ್ಲ, ಇವರು ವಾಪಸು ಹೋಗಿ ನಾಳೆಯಿಂದ ನಿನ್ನ ಮುಖ ನೋಡಿದಾಗಲೆಲ್ಲ ನಮ್ಮ ಮನೆ ನೆನಪು ಮಾಡಿಕೊಳ್ತಾರೆ ಅನ್ನಿಸಿತು. ನಿನಗೆ ಅದು ಬೇಡ ಅಂತ ನನಗೆ ಗೊತ್ತಿತ್ತು. ನೀನು ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ನಿನ್ನ ಗೆಳತಿ, ಅವಳಪ್ಪ ಸ್ಕೂಟರಲ್ಲಿ ನಿನ್ನನ್ನು ಬಿಡೋಕೆ ಬಂದಿದ್ದರು. ನಾನು ಕೆಲಸ ಮುಗಿಸಿ ಬರ್ತಾ ಇದ್ದೆ. ಬೀದಿ ತುದಿಯ ಹಸಿರು ಗೇಟಿನ ದೊಡ್ಡ ಮನೆ ಮುಂದೆ ನೀನು ಇಳಿದೆ, ಇದೇ ನಮ್ಮನೆ ಅಂತ ಕೈ ತೋರಿಸಿದೆ, ಸ್ಕೂಟರ್ ತಿರುವು ದಾಟೋವರೆಗೂ ಆ ಗೇಟಿನ ಚಿಲಕ ಹಿಡಿದುಕೊಂಡು ನಿಂತಿದ್ದೆ. ತಪ್ಪು ಅಂತ ನಾನು ಹೇಳ್ತಿಲ್ಲ ಮರಿ. ಆ ವಯಸ್ಸಲ್ಲಿ ನಾನೂ ಅದೇ ಗೇಟು ತೋರಿಸ್ತಿದ್ದೆ. ನೀನು ಮೊದಲು ಮನೆ ಸೇರಲಿ ಅಂತ ನಾನು ಹಿಂದಿನ ಬೀದಿ ಸುತ್ತಿಕೊಂಡು ನಿಧಾನಕ್ಕೆ ಬಂದೆ. ಬಂದಾಗ ನೀನು ಟೀಗೆ ನೀರಿಟ್ಟಿದ್ದೆ. ಯಾಕಮ್ಮ ಇಷ್ಟು ತಡ ಅಂತ ಕೇಳಿದೆ. ಬಸ್ಸು ಸಿಗಲಿಲ್ಲ ಅಂದೆ.